ಬೆವರು ತೆಗೆಯುವ ಅಲಗು

ಜುಲೈ ೨, ಬುಧವಾರ

ಕೂರಲಾಗುತ್ತಿಲ್ಲ. ತೊಡೆಯೆಲ್ಲ ತರಚಿಹೋಗಿ ಉರಿಯುತ್ತಿದೆ. ಅತ್ತೆ-ಮಾವನ ಗುಡಾರದೊಳಗೆ ಬೋರಲು ಮಲಗಿ ಬರೆಯುತ್ತಿದ್ದೇನೆ, ನಗು ಮಾತ್ರ ನಿಲ್ಲುತ್ತಿಲ್ಲ.

ಉಲಾನ್‌ಬಾತರ್‌ನ ಬಸ್ಸುಗಳಲ್ಲಿ ನೇತಾಡಿ ಬೆಳೆದವಳು, ಮೂವತ್ತೊಂದನೆಯ ವಯಸ್ಸಿಗೆ ಇವತ್ತು ಮೊದಲ ಸಲ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿದೆ! ಹೊಳೆಯವರೆಗೆ ಹೋಗಿ ಬಂದೆ. ಬೀಳಲಿಲ್ಲ!

ಇಳಿದಾಗ ಕಂದು ಕುದುರೆ ಬೆವರಿನಲ್ಲಿ ತೊಯ್ದಿತ್ತು. ಪ್ರೀತಿ ಉಕ್ಕಿ ಒಂದು ಬಕೆಟ್ ನೀರು ತಂದು ಮೂತಿಯ ಮುಂದಿಟ್ಟೆ. ಮಾವ ಓಡಿ ಬಂದು ಬಕೆಟ್ಟನ್ನೇ ಒದ್ದರು. ಅವರು ಓಡಿದ್ದನ್ನು ನಾನು ಈವರೆಗೆ ಕಂಡೇ ಇರಲಿಲ್ಲ.

"ಅನುಜಿನ್! ಬಿಸಿ ಮೈಗೆ ತಣ್ಣೀರು ಕುಡಿಸಿ ಕೊಲ್ತೀಯೇನಮ್ಮ?"

ಅತ್ತೆ ಬಾಗಿಲಲ್ಲೇ ನಿಂತು ನಕ್ಕರು. "ಬಿಡಿ, ಪಟ್ಟಣದವಳು. ಕಾರಿಗೆ ನೀರು ಹಾಕೋ ಹಾಗೆ ಹಾಕೋಕೆ ಹೋಗಿದಾಳೆ."

ನನಗೆ ಅಳುವೇ ಬಂತು. ಮಾವ ಕುದುರೆಯ ತಲೆ ಮೇಲೆತ್ತಿಸಿ ಕಟ್ಟಿದರು. ಮೈ ಆರುವ ತನಕ ಅದಕ್ಕೆ ನೀರೂ ಇಲ್ಲ, ಹುಲ್ಲೂ ಇಲ್ಲ. ಆಮೇಲೆ ಸೊಂಟದಿಂದ ಬೆವರು ತೆಗೆಯುವ ಮರದ ಅಲಗನ್ನು ಹೊರಗೆಳೆದರು. ಅದನ್ನು ಅವರು ನನ್ನ ಗಂಡನ ಕೈಗೂ ಕೊಟ್ಟವರಲ್ಲ.

"ಓಡಿಸಿದವರೇ ಬೆವರು ತೆಗೀಬೇಕು. ಹಿಡಿ."

ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ಒತ್ತಿ ಎಳೆದೆ. ಬೆವರು ನೊರೆಯಾಗಿ ನನ್ನ ಮೊಣಕೈವರೆಗೂ ಇಳಿಯಿತು. ಕುದುರೆ ಉಸ್ಸೆಂದು ಉಸಿರು ಬಿಟ್ಟು ನನ್ನ ಹೆಗಲಿಗೆ ಒರಗಿತು. ಓಡಿಸಿದ್ದಕ್ಕಿಂತ ಇದೇ... ಹೇಗೆ ಬರೆಯಲಿ!

ಊಟಕ್ಕೆ ಮುಂಚೆ ಅತ್ತೆ ಕೈ ತೊಳಿ ಅಂದರು. ಎಡಗೈ ಮಾತ್ರ ತೊಳೆದೆ. ಬಲಗೈಯನ್ನು ಮೂಸಿ ಮೂಸಿ ಬರೆಯುತ್ತಿದ್ದೇನೆ. ಅಲಗು ದಿಂಬಿನಡಿಯಲ್ಲಿದೆ. ಮಾವ ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ.