ಕಲಾಮನೆಯ ಹೊಸ ಬೀಗ

ಏಪ್ರಿಲ್ 9, 2020, ಗುರುವಾರ

ಮೊನ್ನೆ ಸೋಮವಾರ ನಮ್ಮ ಕೇರಿಯ ಕಲಾಮನೆಯ ಬೀಗ ಬದಲಾಯಿಸಿದ್ದಾರೆ. ಯಾರನ್ನೂ ಕೇಳದೆ. ಎಂದಿನಂತೆ ನಮ್ಮ ಗಾಮೆಲಾನಿನ, ಅಂದರೆ ಜಾವಾದ ಕಂಚಿನ ವಾದ್ಯಮೇಳದ, ದೊಡ್ಡ ಜಾಗಟೆಗೆ ಗುರುವಾರದ ಹೂ ಒಯ್ದಾಗ ಗೊತ್ತಾಯಿತು. ಕೇರಿ ಸಮಿತಿಯ ಕಾರ್ಯದರ್ಶಿ ಪಾಕ್ ಹೆಂದಾರ್ತೊ ಅಂಗಳದಲ್ಲೇ ತಡೆದರು. ಮಾಸ್ಕ್ ಗಲ್ಲದ ಮೇಲೆ.

"ವೈರಸ್ ಇದೆ, ಬು ಗುರು. ಎಲ್ಲಾ ಭದ್ರವಾಗಿರ್ಲಿ ಅಂತ ಸಮಿತಿ ವಹಿಸ್ಕೊಂಡಿದೆ." ನಮ್ಮಲ್ಲಿ ಗೌರವಕ್ಕೆ ಗಂಡಸರಿಗೆ ಪಾಕ್, ಹೆಂಗಸರಿಗೆ ಬು; ಕೇರಿಗೆಲ್ಲ ನಾನು ಬು ಗುರು, ಟೀಚರಮ್ಮ.

"ಸಮಿತಿ ಸೇರಿದ್ದು ಯಾವಾಗ?"

"ಸೇರೋ ಹಾಗಿಲ್ವಲ್ಲ, ಲಾಕ್‌ಡೌನು!"

ಸೇರದ ಸಮಿತಿ ತೀರ್ಮಾನ ಮಾಡಿದೆ. ಹೂ ಮೆಟ್ಟಿಲ ಮೇಲಿಟ್ಟು ಬಂದೆ.

1966ರಲ್ಲೂ, ಕಮ್ಯುನಿಸ್ಟರೆಂದು ಜನರನ್ನು ಹಿಡಿಯುತ್ತಿದ್ದ ದಿನಗಳಲ್ಲಿ, 'ಭದ್ರತೆ' ಎಂದೇ ಬೀಗ ಹಾಕಿದ್ದರು. ಆಗ ನನಗೆ ಹತ್ತು ವರ್ಷ. ಡೋಲು ಬಾರಿಸುತ್ತಿದ್ದ ಅಪ್ಪ ಸುಮ್ಮನಿದ್ದರು. ಐದು ವರ್ಷದ ಮೇಲೆ ಬಾಗಿಲು ತೆರೆದರೆ ಕಂಚೆಲ್ಲ ಮಾಯ, ಒಳಗೆ ಬರೀ ಮರದ ಚೌಕಟ್ಟು. ಈಗಿನ ಜಾಗಟೆ ಆಮೇಲೆ ಮನೆಮನೆಯ ಕಂಚು ಕೂಡಿಸಿ ಮಾಡಿಸಿದ್ದು. ಅಮ್ಮನ ಬಟ್ಟಲೂ ಅದರಲ್ಲಿದೆ.

ಏಪ್ರಿಲ್ 23

ಕಲಾಮನೆಯ ಬೋರ್ಡ್ ಇಳಿಸಿದ್ದಾರೆ. ಇನ್ನು ಅದು ಪಡಿತರದ ಗೋದಾಮಂತೆ. ಅಕ್ಕಿ ಒಳಗೆ ಹೋದದ್ದು ನೋಡಿಲ್ಲ. ನಿನ್ನೆ ವ್ಯಾನೊಂದು ಟಾರ್ಪಾಲು ಹೊದ್ದು ಹೊರಗೆ ಹೋಯಿತು. ಖಾಲಿ ವ್ಯಾನಿಗೆ ಟಾರ್ಪಾಲು ಯಾಕೆ?

ಮೇ 14, ಮಧ್ಯಾಹ್ನ

ಜಾಗಟೆ ಬಾರಿಸುವ ಸಾಸ್ತ್ರೊ ಅಜ್ಜನನ್ನು ಕಲಾಮನೆಗೆ ಕರೆದುಕೊಂಡು ಹೋದೆ. ಶ್ರುತಿ ತಿದ್ದಲು ಒಯ್ದಿದ್ದ ನಮ್ಮ ಮೇಳದ ಕಂಚಿನ ಸ್ವರಪಟ್ಟಿಯೊಂದು ಅವರ ಮನೆಯಲ್ಲೇ ಉಳಿದಿತ್ತು, ತಂದಿದ್ದರು. ಒಂದೊಂದು ಗಾಮೆಲಾನ್ ಮೇಳಕ್ಕೂ ಅದರದೇ ಶ್ರುತಿ. ಇನ್ನೊಂದರ ವಾದ್ಯ ಸೇರುವುದಿಲ್ಲ.

ಕಿಟಕಿಯಲ್ಲಿ ಇಣುಕಿದೆ. ಜಾಗಟೆ ತೂಗುತ್ತಿದೆ! ಅನುಮಾನಪಟ್ಟಿದ್ದಕ್ಕೆ ನಾಚಿಕೆಯೇ ಆಯಿತು.

"ಕಣ್ತುಂಬ ನೋಡ್ಕೊಳ್ಳಿ," ಒಳಗಿಂದ ಹೆಂದಾರ್ತೊ. "ಕಿವಿಗೂ ಬೇಕಾ? ತಗೊಳ್ಳಿ!" ತಾವೇ ಬಾರಿಸಿದರು.

ಅಜ್ಜ ಪಟ್ಟಿ ತಟ್ಟಿದರು. ಎರಡೂ ದನಿ ಜಗಳಕ್ಕೆ ನಿಂತವು. ಮತ್ತೆ ತಟ್ಟಿದರು. ಅದೇ.

"ಇದು ಯಾರ ಮನೇದಪ್ಪಾ?"

"ತಂಪಿಗೆ ಕಂಚು ಕುಗ್ಗಿರತ್ತೆ, ಅಜ್ಜ."

"ತಂಪಾ? ಮತ್ತೆ ನೀವ್ಯಾಕೆ ಹೀಗೆ ಬೆವರ್ತಿದೀರಿ?"

ಕಿಟಕಿ ಮುಚ್ಚಿತು.

ಜೂನ್ 5

ಮೂರು ವಾರ ಬರೆಯಲಾಗಲಿಲ್ಲ. ಅಜ್ಜನಿಗೆ ಜ್ವರ... ಆಸ್ಪತ್ರೆ... ಮಂಗಳವಾರ ತೀರಿಹೋದರು. ಮುಖ ನೋಡಲೂ ಬಿಡಲಿಲ್ಲ.

ಹೆಂದಾರ್ತೊ ಗೇಟಿನ ಆಚೆ ನಿಂತು ಸಂತಾಪ ಹೇಳಿದರು. ಜೊತೆಗೆ: "ಇನ್ನು ಆ ಮಾತು ಬಿಡಿ, ಬು ಗುರು. ವ್ಯತ್ಯಾಸ ಕೇಳಿದ್ದು ಅಜ್ಜ ಒಬ್ರೇ."

"ನಾನೂ ಕೇಳಿದೀನಿ."

"ವಯಸ್ಸಾದವರ ಕಿವಿ..."

ಸಂಜೆ ಅಜ್ಜನ ಸೊಸೆ ಪಟ್ಟಿ ತಂದುಕೊಟ್ಟಳು.

ಜೂನ್ 6, ಬೆಳಿಗ್ಗೆ

ಅಪ್ಪ ಸುಮ್ಮನಿದ್ದರು. ನಾನು ಸುಮ್ಮನಿರುವುದಿಲ್ಲ. ಕೇರಿಯ ಕಾವಲುಕಟ್ಟೆಯ ಗೋಡೆಗೆ ಅಂಟಿಸಲು ಬರೆದದ್ದು, ಇಲ್ಲೂ ಇರಲಿ:

'ಪಾಕ್ ಹೆಂದಾರ್ತೊ ಅವರೇ, ನಾಳೆ ಭಾನುವಾರ ಒಂಬತ್ತಕ್ಕೆ ಬಾಗಿಲು ತೆಗೆಯಿರಿ. ಕೇರಿಯವರೆಲ್ಲ ಅಂಗಳದಲ್ಲಿ ಅಂತರ ಬಿಟ್ಟು ನಿಲ್ಲುತ್ತೇವೆ. ನೀವು ಜಾಗಟೆ ಬಾರಿಸಿ, ನಾನು ಪಟ್ಟಿ ತಟ್ಟುತ್ತೇನೆ. ಕಿವಿ ಇದ್ದವರೆಲ್ಲ ಕೇಳಲಿ. ಆಮೇಲೆ ಎಲ್ಲರೆದುರು ಹೇಳಿ: ನಮ್ಮ ಜಾಗಟೆ ಎಲ್ಲಿ? ಒಯ್ದವರು ಯಾರು? ಯಾರ ಅಪ್ಪಣೆಯಿಂದ?'