ನಲ್ಲಿಯಲ್ಲಿ ಬಂದ ಶೇಡಿ

ನೀರಿನ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಹಿತ್ತಲ ನೆಲ ಬಾಯಿಬಿಟ್ಟು ತಿಂಗಳಾಯಿತು. ಬಟ್ಟೆ ಒಗೆಯುವ ಕಲ್ಲಿನ ಸಮೇತ ಒಳಗೆ ಹೋದ ನನ್ನ ಹೆಂಡತಿ ಅಮೀರ್ ಬೀಯನ್ನು ನೆರೆಯವರು ಹಗ್ಗ ಬಿಟ್ಟು ಮೇಲೆತ್ತಿದರು. ಸೊಂಟ ಮುರಿದವಳು ಇನ್ನೂ ಚಾಪೆ ಬಿಟ್ಟು ಎದ್ದಿಲ್ಲ. ತಾವು ಜೀಪಿನಲ್ಲಿ ಬಂದು ಗುಂಡಿಗೆ ಇಣುಕಿದಿರಿ. “ಹೆಗ್ಗಣದ ಬಿಲ ಕಣ್ರೀ ಸಾಬ್ರೇ, ಮಣ್ಣು ತುಂಬ್ಸಿ” ಎಂದು ಅಪ್ಪಣೆ ಕೊಟ್ಟು ಹೋದಿರಿ.

ಆ ಹೆಗ್ಗಣವನ್ನು ನಾವು ಹುಡುಕಿದೆವು, ಮಾನ್ಯರೇ. ಅದು ನಮ್ಮ ಬೀದಿಯ ತುದಿಯಲ್ಲಿ, ತಮ್ಮ ಬಾವಿಯ ಪಕ್ಕದ ಶೆಡ್ಡಿನಲ್ಲಿದೆ. ಡೀಸೆಲ್ ಕುಡಿಯುತ್ತದೆ, ಹಗಲಿಡೀ ಗುಟುರು ಹಾಕುತ್ತದೆ. ಅದಕ್ಕೆ ಗ್ರೀಸ್ ಹಚ್ಚಲು ತಾವೇ ಒಬ್ಬ ಆಳನ್ನೂ ಇಟ್ಟಿದ್ದೀರಿ.

ನಮ್ಮ ಬೀದಿಯಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಅದರಡಿ ಮೆತ್ತನೆಯ ಬಿಳಿ ಶೇಡಿಮಣ್ಣು. ಬಾವಿ ತೋಡಿಸಿದವರಿಗೆಲ್ಲ ಗೊತ್ತಿರುವ ವಿಷಯ. ಕಳೆದ ಬೇಸಿಗೆಯಲ್ಲಿ ನೀರು ಇಳಿದಾಗ ತಾವು ಬಾವಿಯನ್ನು ಆ ಶೇಡಿಯವರೆಗೂ ಇಳಿಸಿ ದೊಡ್ಡ ಪಂಪು ಕೂರಿಸಿದಿರಿ. ಅಂದಿನಿಂದ ನಲ್ಲಿಯಲ್ಲಿ ಅಕ್ಕಚ್ಚಿನಂಥ ನೀರು. ಪಟಿಕ ಹಾಕಿದ್ದೇವೆ, ಅದಕ್ಕೇ ಬಿಳುಪು, ಶುದ್ಧವಾಗಿದೆ ಎಂದರು ತಮ್ಮವರು. ನಂಬಿ ಕುಡಿದೆವು.

ಇನ್ನು ನಮ್ಮ ಜಾಣತನ ಕೇಳಿ. ಕೊಡದ ತಳದಲ್ಲಿ ನಿಂತ ಬಿಳಿ ಗಸಿಯನ್ನು ಚೆಲ್ಲಲು ಮನಸ್ಸು ಬಾರದೆ ಪಕ್ಕದ ಮನೆಯ ವೀರಬಸಮ್ಮ ಮಡಕೆಯಲ್ಲಿ ಕೂಡಿಟ್ಟರು. “ಗುಡ್ಡಕ್ಕೆ ಹೋಗಿ ಶೇಡಿ ಅಗ್ಯೋ ಕೆಲ್ಸ ತಪ್ತು ಮಾರಾಯ್ತಿ, ನಲ್ಲೀಲೇ ಬರ್ತದೆ” ಎಂದು ನನ್ನವಳಿಗೂ ಕೊಟ್ಟರು. ಈದ್‌ಗೆ ನಮ್ಮ ಗೋಡೆ ಬೆಳ್ಳಗಾಯಿತು, ದೀಪಾವಳಿಗೆ ಅವರದು. ಮನೆಯ ಬುಡವನ್ನೇ ತೆಗೆದು ಗೋಡೆಗೆ ಬಳಿಯುತ್ತಿದ್ದೇವೆಂದು ನಮಗೆ ಹೊಳೆಯಲಿಲ್ಲ. ಓದಿದ ತಮಗೇಕೆ ಹೊಳೆಯಲಿಲ್ಲ? ನೀರಿನ ಜೊತೆ ಮಣ್ಣೂ ಬಂದರೆ ಮಣ್ಣಿದ್ದ ಜಾಗದಲ್ಲಿ ಏನು ಉಳಿಯುತ್ತದೆ? ಪೊಳ್ಳು. ಅದರಲ್ಲಿ ತುಂಬಿದ್ದ ನೀರನ್ನೂ ಎಳೆದ ಮೇಲೆ ಮೇಲಿನ ನೆಲವನ್ನು ಯಾರು ಹೊರಬೇಕು? ಊರ ಪಕ್ಕದಲ್ಲೇ ಭದ್ರೆಯ ಹಿನ್ನೀರು ಬಿದ್ದುಕೊಂಡಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರೆ. ತಾವು ಅಲೆಯಲಿಲ್ಲ, ನಮ್ಮ ಮನೆಗಳಡಿಯೇ ಅಗೆದಿರಿ.

ಗುಂಡಿ ಮುಚ್ಚಿದೆವು. ಪಂಪು ನಿಂತಿಲ್ಲ, ನೀರಿನ ಬಿಳುಪೂ ಹೋಗಿಲ್ಲ. ಮೊನ್ನೆಯಿಂದ ವೀರಬಸಮ್ಮನವರ ಅಡುಗೆಮನೆಯಲ್ಲಿ ಒನಕೆ ಊರಿದರೆ ನೆಲ ಡಬ್ ಡಬ್ ಎನ್ನುತ್ತಿದೆ. ಪಕ್ಕದ ಕೋಣೆಯಲ್ಲಿ ಅವರ ಮಗಳು ಬಾಣಂತಿ. “ಹಸುಗೂಸು ಕಟ್ಕಂಡು ಎಲ್ಲಿಗೆ ಹೋಗದು ಸಾಬ್ರೇ?” ಎಂದು ಅವರು ಕೇಳುತ್ತಾರೆ. ಸಿಟ್ಟಿಗಿಂತ ನನಗೀಗ ಹೆದರಿಕೆಯೇ ಹೆಚ್ಚು.

ಪಂಪು ನಿಲ್ಲಿಸಿ, ಇವತ್ತೇ. ಹಿನ್ನೀರಿನಿಂದ ಪೈಪು ಬರುವವರೆಗೆ ನಾವು ಕೊಡ ಹೊತ್ತು ತರುತ್ತೇವೆ. ಅದಾಗದಿದ್ದರೆ ತಮ್ಮ ಮೇಜು ಕುರ್ಚಿಗಳನ್ನು ವೀರಬಸಮ್ಮನವರ ಅಡುಗೆಮನೆಗೆ ತರಿಸಿಕೊಂಡು ಅಲ್ಲೇ ಕಚೇರಿ ನಡೆಸಿ. ಗೋಡೆ ಬೆಳ್ಳಗಿದೆ, ತಮಗೆ ಹಿಡಿಸುತ್ತದೆ.

ಇಂತಿ,
ತಮ್ಮ ನಲ್ಲಿಯಿಂದ ತನ್ನದೇ ಹಿತ್ತಲನ್ನು ಕುಡಿದ
ಅಬ್ದುಲ್ ಸತ್ತಾರ್, ದರ್ಜಿ
ನರಸಿಂಹರಾಜಪುರ, ೧೯೮೪