ಒಡಪಿನ ಎರಡನೇ ಸಾಲು

ಸೊಲ್ಲಾಪುರ, ಅಕ್ಕಲಕೋಟ ರಸ್ತೆ
೧೪ ಏಪ್ರಿಲ್ ೧೯೯೯

ಕೇತಕಿಯ ಅಪ್ಪನಿಗೆ ಗೋಪಿಕಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಇಂದೋರಿನ ನೀರು ಒಗ್ಗಿತೇ? ಹೊಸ ಅಂಗಡಿಯ ಗಡಿಬಿಡಿಯಲ್ಲಿ ಈಗಲೂ ಬರೀ ಚಹಾದ ಮೇಲೆ ಮಧ್ಯಾಹ್ನ ಕಳೆಯುತ್ತೀರೋ, ಇಲ್ಲ ಊಟ ಅಂತ ಒಂದು ಮಾಡುತ್ತೀರೋ? ಅತ್ತೆಯವರ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಆ ಬಾಯಿಯೇ ಹೋದ ವಾರ ನಮ್ಮನ್ನು ಉಳಿಸಿತು. ಅದನ್ನು ಹೇಳಲಿಕ್ಕೇ ಈ ಕಾಗದ.

ಮಧ್ಯಾಹ್ನದ ಹೊತ್ತು. ಹಿಂದಿನ ಕಾರ್ಖಾನೆಯ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು, ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮಂಪರಿನಲ್ಲಿ ಮನೆಯೇ ಒಂದು ರೈಲಾಗಿ ಮೆಲ್ಲಗೆ ಹೊರಟ ಹಾಗೆ, ನಾನು ಅದರೊಳಗೆ ಕೂತು ಇಂದೋರಿಗೆ ಬರುತ್ತಿದ್ದ ಹಾಗೆ. ಆಗ ಗೂಡಿನಲ್ಲಿದ್ದ ನಿಮ್ಮ ಪೇಜರ್ ಚಿಂವ್ ಎಂದಿತು. ಊರು ದಾಟಿದರೆ ಮೂಕವಾಗುವ ಡಬ್ಬಿ ಎಂದು ಬಿಟ್ಟುಹೋದಿರಲ್ಲ, ಅದೇ. ಕೇತಕಿ ಓದಿ ಹೇಳಿದಳು: ಬ್ಯಾಂಕಿನ ಮಷಿನ್ ಬದಲಾಗಿದೆ, ಸಂಜೆಯೊಳಗೆ ಈ ನಂಬರಿಗೆ ಫೋನ್ ಮಾಡದಿದ್ದರೆ ನಿಮ್ಮ ಕಾರ್ಡೂ ಖಾತೆಯೂ ಬಂದ್.

ಆ ಖಾತೆಯಲ್ಲಿ ಇರುವುದು ನಮ್ಮ ಹುಡುಗಿಯ ನರ್ಸಿಂಗ್ ಕಾಲೇಜು. ಎಚ್ಚರವೋ ನಿದ್ದೆಯೋ ತಿಳಿಯದೆ ಫೋನ್ ತಿರುಗಿಸಿದೆ. ಆ ಕಡೆಯ ದನಿ ಎಂಥ ಸವಿ ಅಂತೀರಿ! “ಘಾಬರಿ ಆಗಬ್ಯಾಡ್ರಿ ತಾಯಿ, ನಮ್ಮ ಮನುಷ್ಯಾ ಬಂದು ಹಳೇ ಕಾರ್ಡ್ ಒಯ್ತಾನ, ನಾಳೆ ಹೊಸಾದು ಕೊಡ್ತಾನ. ನೀವು ಅದರ ನಾಕು ಅಂಕಿ ನನಗ ಹೇಳ್ರಿ, ಸಾಕು.” ಆ ನಾಲ್ಕು ಅಂಕಿಗಳು, ಕೊಡ ಹೊತ್ತ ನಾಲ್ಕು ಹುಡುಗಿಯರು ಸಾಲಾಗಿ ಬಂದ ಹಾಗೆ, ನಾಲಿಗೆಯ ಹೊಸ್ತಿಲಿಗೆ ಬಂದು ನಿಂತವು. ಮೊದಲು ಖಾತೆಯ ಯಜಮಾನರ ಹೆಸರು ಹೇಳ್ರಿ ಎಂದ.

ಎದುರಿಗೆ ಅತ್ತೆ ಕೂತಿದ್ದಾರೆ. ನಿಮ್ಮ ಹೆಸರನ್ನು ಬರಿದೇ ಹೇಗೆ ಎತ್ತಲಿ? ಸೆರಗು ಸರಿಮಾಡಿಕೊಂಡು, ಮದುವೆಯ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ನನ್ನಿಂದ ಹೇಳಿಸಿದ ಒಡಪನ್ನೇ ಶುರುಮಾಡಿದೆ: “ಸೊಲ್ಲಾಪುರದ ಚಾದರಕ್ಕ ಹೂವಿನ ಬಣ್ಣ ಕೆಂಪ...” ಎರಡನೇ ಸಾಲಿನಲ್ಲಲ್ಲವೇ ನಿಮ್ಮ ಹೆಸರು ಬರುವುದು? ಅಷ್ಟರಲ್ಲಿ ಸವಿ ದನಿ ಸಿಡುಕಿತು. “ಏ ಬಾಯಿ, ನಾಟಕ ಸಾಕು! ಟೈಮ್ ಇಲ್ಲ, ಲಗೂನ ನಂಬರ್ ಹೇಳ್!”

ಅತ್ತೆ ಫೋನ್ ಕಿತ್ತುಕೊಂಡರು. “ಯಾರಲೇ ನೀ? ಬ್ಯಾಂಕಿನಾಂವಗ ಅವಸರ ಎಲ್ಲಿಂದ ಬಂತು? ಪೆನ್ಶನ್ ಸಹಿಗೆ ನನ್ನ ಅರ್ಧಾ ದಿನ ಬೆಂಚಿನ ಮ್ಯಾಲ ಕೂಡಸ್ತಾರ. ನಮ್ಮ ಮನಿಯವರು ತೀರ್ಕೊಂಡಾಗ ಆರ್ ತಿಂಗಳು ತಿರಗ್ಯಾಡಿಸ್ಯಾರ. ನೀ ಒಂದು ಒಡಪು ಮುಗಿಯೂತನಕಾ ತಡಿಯಲಾರಿ, ಕಳ್ಳ ಸೂಳೇಮಗನ!” ಫೋನ್ ಸತ್ತಿತು. ನಾನು ಆಗ ಎಚ್ಚರಗೊಂಡೆ. ಮರುದಿನ ಬೆಳಿಗ್ಗೆಯೇ ಬ್ಯಾಂಕಿಗೆ ಓಡಿದೆ. ನಾವು ಯಾರನ್ನೂ ಹೀಗೆ ಅಂಕಿ ಕೇಳುವುದೇ ಇಲ್ಲ ಎಂದರು. ಹಳೆಯ ಕಾರ್ಡ್ ಬಂದ್ ಮಾಡಿ ಹೊಸದು ಬರೆಸಿಕೊಟ್ಟರು. ಅದಕ್ಕೂ ಅರ್ಧ ದಿನ ಕೂರಿಸಿದರು. ಅತ್ತೆಯ ಮಾತು ನೆನಪಾಗಿ ಕೂತಲ್ಲೇ ನಕ್ಕೆ.

ಆದರೆ ಹಿಂದಿನ ಓಣಿಯ ಲಕ್ಷ್ಮೀಬಾಯಿ ಅಂಕಿ ಹೇಳಿ, ಕಾರ್ಡೂ ಕೊಟ್ಟುಬಿಟ್ಟಿದ್ದಳು. ಕದ್ದವನು ಯಾರೋ, ಬೈಗುಳ ತಿಂದವಳು ಅವಳು. ಹೆಂಗಸಿನ ಕೈಗೆ ಕಾರ್ಡ್ ಕೊಟ್ಟಿದ್ದೇ ತಪ್ಪು ಎಂದು ಮನೆಯ ಗಂಡಸರು ಕೂಗಿದರು. ನನಗೆ ಬೆಂಕಿ ಹತ್ತಿತು. ಅಧಿಕಾರದ ದನಿ ಕೇಳಿದರೆ ಎದ್ದು ನಿಲ್ಲು, ಕೇಳಿದ್ದು ಕೊಡು, ಎದುರು ಪ್ರಶ್ನೆ ಹಾಕಬೇಡ ಎಂದು ನಮಗೆ ಹುಟ್ಟಿನಿಂದ ಕಲಿಸಿದವರು ಯಾರು? ಆ ಕಳ್ಳ ಬೀಗ ಮುರಿಯಲಿಲ್ಲ. ಇವರು ಕಲಿಸಿದ ಹೆದರಿಕೆಯ ಕೀಲಿಯಿಂದಲೇ ತೆರೆದ. ಅಂಗಳದಲ್ಲಿ ನಿಂತು ಇಷ್ಟನ್ನೂ ಹೇಳಿಯೇ ಬಂದೆ. ಈಗ ಸುತ್ತಲಿನ ಹೆಂಗಸರು ಸಂಜೆ ನಮ್ಮ ಕಟ್ಟೆಗೆ ಬರುತ್ತಾರೆ. ಅತ್ತೆ ಕಳ್ಳನಾಗುತ್ತಾರೆ, ನಾವು ಪ್ರಶ್ನೆ ಕೇಳುತ್ತೇವೆ. ಬೇವಿನ ಹೂ ತಲೆಯ ಮೇಲೆ ಉದುರುತ್ತಿರುತ್ತದೆ, ನಗು ಮುಗಿಯುವುದೇ ಇಲ್ಲ. ನೀವೂ ಇದ್ದಿದ್ದರೆ ಅನಿಸುತ್ತದೆ.

ಮೈ ಕಾಪಾಡಿಕೊಳ್ಳಿ. ಅತ್ತೆಯವರ ಆಶೀರ್ವಾದ, ಕೇತಕಿಯ ನಮಸ್ಕಾರ.

ನಿಮ್ಮ
ಗೋಪಿಕಾ

ತಾ.ಕ.: ಅಂಚೆಯವನು ಬರುವ ಹೊತ್ತು, ಓಡುತ್ತ ಬರೆಯುತ್ತಿದ್ದೇನೆ. ನಿಮ್ಮ ಅಣ್ಣ ಅಮೃತಪ್ಪನವರು ನಿನ್ನೆ ಅಕ್ಕಲಕೋಟದಿಂದ ಬಂದು, “ಕಾರ್ಡ್ ನನ್ನ ಕಡೆ ಇರಲಿ” ಎಂದರು. ಕೊಡಲಿಲ್ಲ. ತಮ್ಮನಿಂದಲೇ ಫೋನ್ ಮಾಡಿಸುತ್ತೇನೆ ಎಂದು ಸಿಟ್ಟಿನಲ್ಲಿ ಹೋಗಿದ್ದಾರೆ. ಮಾಡಿ. ನಾನು ಒಡಪಿನ ಮೊದಲ ಸಾಲು ಹೇಳುತ್ತೇನೆ, ನೀವು ಎರಡನೆಯದು ಹೇಳಬೇಕು. ಕಾಗದವನ್ನು ಯಾರಾದರೂ ಒಡೆಯಬಹುದು, ಅದಕ್ಕೇ ಇಲ್ಲಿ ಬರೆದಿಲ್ಲ. ಸರಿಯಾಗಿ ಹೇಳಿದರೆ ನೀವೇ ಎಂದು ನಂಬುತ್ತೇನೆ. ಕಾರ್ಡ್ ಮಾತ್ರ ಆಗಲೂ ಕೊಡುವುದಿಲ್ಲ.